ಏಪ್ರಿಲ್ ಸೆಕೆಯಲ್ಲಿ ಕ್ಯಾಮೆರಾ ತಣ್ಣಗಿಡೋದು ಹೇಗೆ? ಬಜೆಟ್ ಎರಡೂವರೆ ಸಾವಿರ

ಕುಕ್ಕರಹಳ್ಳಿ ಗೂಬೆ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ಕೂಲಿಂಗ್ ಇಲ್ಲದ ಸಣ್ಣ ಯುಎಸ್‌ಬಿ ಕ್ಯಾಮೆರಾ. ಗುರು, ಶನಿ ಗ್ರಹಗಳ ಫೋಟೊ ತೆಗೆಯೋಣ ಅಂತ ತಗೊಂಡದ್ದು. ಈಗ ಆಸೆ ಜಾಸ್ತಿಯಾಗಿ ಅದನ್ನೇ 80 ಮಿಮೀ ದೂರದರ್ಶಕಕ್ಕೆ ಸಿಕ್ಕಿಸಿ ಗೆಲಾಕ್ಸಿಗಳ ಹಿಂದೆ ಬಿದ್ದಿದ್ದೇನೆ. ಕಳೆದ ವಾರ ಮೇಲುಕೋಟೆ ಕಡೆ ಗೆಳೆಯನ ತೋಟದಲ್ಲಿ ಸೆಂಟಾರಸ್ ಎ ಅನ್ನುವ ಗೆಲಾಕ್ಸಿ ತೆಗೆದೆ. ಏಪ್ರಿಲ್ ನಡುವಿನಲ್ಲಿ ನಡುರಾತ್ರಿ ದಾಟುತ್ತಿದ್ದಂತೆ ಅದು ನಮಗೆ ದಕ್ಷಿಣದಲ್ಲಿ ಸುಮಾರು 35 ಡಿಗ್ರಿ ಎತ್ತರಕ್ಕೆ ಬರುತ್ತದೆ. ಲಂಡನ್ನಿನವರಿಗೆ ಅದು ಹುಟ್ಟುವುದೇ ಇಲ್ಲ, ಹಾಗಾಗಿ ಬಿಡಲು ಮನಸ್ಸಿಲ್ಲ.

ತೊಂದರೆ ಏನಪ್ಪಾ ಅಂದ್ರೆ, ಹೊರಗೆ 25 ಡಿಗ್ರಿ ಇದ್ದಾಗ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ 36 ತೋರಿಸುತ್ತಿತ್ತು. ಒಂದೊಂದು ನಿಮಿಷದ ನಲವತ್ತು ಎಕ್ಸ್‌ಪೋಶರ್ ತೆಗೆದೆ. ಪ್ರತಿಯೊಂದರಲ್ಲೂ ಕೆಂಪು, ನೀಲಿ, ಹಸಿರು ಚುಕ್ಕೆಗಳು, ಯಾರೋ ಬಣ್ಣ ಹಾಕಿದ ರಾಗಿ ಚೆಲ್ಲಿದ ಹಾಗೆ. ಗೆಲಾಕ್ಸಿಯ ನಡುವಿನ ಆ ಕಪ್ಪು ಪಟ್ಟಿ ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ.

ಕಂಪನಿಯವರೇ ಕೂಲಿಂಗ್ ಕೊಟ್ಟಿರುವ ಕ್ಯಾಮೆರಾ ನನ್ನ ಜೇಬಿಗೆ ಆಗುವ ಮಾತಲ್ಲ. ಪೆಲ್ಟಿಯರ್ ಅಂತ ಒಂದು ಬಿಲ್ಲೆ ಸಿಗುತ್ತದಂತಲ್ಲ, ಅದನ್ನು ಹಿಂದೆ ಅಂಟಿಸಿದರೆ ಆಗುತ್ತಾ? ಯಾರಾದರೂ ಮಾಡಿದ್ದೀರಾ?

ಬೆಸುಗೆ ಮಾಮ:
ಮಾಡಿದ್ದೇನೆ, ಎರಡು ಸುಟ್ಟೂ ಇದ್ದೇನೆ.

ನಿಮಗೆ ಬೇಕಾದದ್ದು ಟಿಇಸಿ1-12706. 40 ಮಿಮೀ ಚೌಕ, ಎರಡು ವೈರು. ಹೆಸರಲ್ಲೇ ಜಾತಕ ಇದೆ: 127 ಅಂದರೆ ಒಳಗಿರುವ ಅರೆವಾಹಕ ಜೋಡಿಗಳು, 06 ಅಂದರೆ ಗರಿಷ್ಠ 6 ಆಂಪಿಯರ್. ಕರೆಂಟ್ ಕೊಟ್ಟರೆ ಒಂದು ಮುಖ ತಣ್ಣಗಾಗುತ್ತದೆ, ಇನ್ನೊಂದು ಬಿಸಿಯಾಗುತ್ತದೆ. ವಿದ್ಯೆ ಹಳೆಯದು. ಪೆಲ್ಟಿಯರ್ ಇದನ್ನು ಕಂಡದ್ದು 1834ರಲ್ಲಿ. 1838ರಲ್ಲಿ ಲೆನ್ಜ್ ಅನ್ನುವವರು ಬಿಸ್ಮತ್ ಮತ್ತು ಆಂಟಿಮನಿ ಕೂಡುವ ಜಾಗದಲ್ಲಿ ಒಂದು ಹನಿ ನೀರಿಟ್ಟು ಮಂಜುಗಡ್ಡೆ ಮಾಡಿ ತೋರಿಸಿದರು.

ಎಲ್ಲರೂ ಎಡವುವುದು ಒಂದೇ ಕಡೆ. ಇದು ತಂಪು ಹುಟ್ಟಿಸುವ ಯಂತ್ರ ಅಲ್ಲ, ಶಾಖ ಹೊರುವ ಕೂಲಿ. ಈ ಕಡೆಯಿಂದ ಎತ್ತಿ ಆ ಕಡೆ ಹಾಕುತ್ತದೆ, ಜೊತೆಗೆ ತನ್ನ ಬೆವರನ್ನೂ ಆ ಕಡೆಗೇ ಸುರಿಯುತ್ತದೆ. ನೇರ 12 ವೋಲ್ಟ್ ಕೊಟ್ಟರೆ ಅದು ತಿನ್ನುವುದೇ 50-60 ವ್ಯಾಟ್. ಅಷ್ಟೂ ಶಾಖ, ಜೊತೆಗೆ ಕ್ಯಾಮೆರಾದಿಂದ ಎತ್ತಿದ್ದು, ಎಲ್ಲ ಸೇರಿ ಬಿಸಿ ಮುಖದಿಂದ ಹೊರಗೆ ಹೋಗಬೇಕು. ಹೋಗಲಿಲ್ಲ ಅಂದರೆ ಬಿಸಿ ಮುಖ ಏರುತ್ತದೆ, ಅದರ ಹಿಂದೆಯೇ ತಣ್ಣನೆ ಮುಖವೂ ಏರುತ್ತದೆ. ಆಗ ನೀವು ದುಡ್ಡು ಕೊಟ್ಟು ಕ್ಯಾಮೆರಾಗೆ ಒಲೆ ಹಚ್ಚಿದ ಹಾಗೆ.

ಅದಕ್ಕೇ 12 ವೋಲ್ಟ್ ಬೇಡ. 5ರಿಂದ 7 ವೋಲ್ಟ್ ಸಾಕು. 6 ವೋಲ್ಟಿಗೆ ಸುಮಾರು 3 ಆಂಪಿಯರ್ ಎಳೆಯುತ್ತದೆ, ಅಂದರೆ 18 ವ್ಯಾಟ್. ತಣ್ಣಗಾಗುವುದರಲ್ಲಿ ಸ್ವಲ್ಪವೇ ಕಡಿಮೆ, ಬಿಸಿ ಮಾತ್ರ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ಇನ್ನೊಂದು ಮಾತು. ಹೀಟ್ ಸಿಂಕ್ (ಶಾಖವನ್ನು ಗಾಳಿಗೆ ಬಿಡುವ ಲೋಹದ ರೆಕ್ಕೆಗಳು) ಇಲ್ಲದೆ "ಸುಮ್ನೆ ನೋಡೋಣ" ಅಂತ 12 ವೋಲ್ಟ್ ತಾಗಿಸಬೇಡಿ. ಕೆಲವೇ ಸೆಕೆಂಡಿನಲ್ಲಿ ಒಳಗಿನ ಬೆಸುಗೆ ಕರಗುವ ಮಟ್ಟಕ್ಕೆ ಹೋಗುತ್ತದೆ. ಯಾವ ಮುಖ ತಣ್ಣಗಾಗುತ್ತದೆ ಅಂತ ನೋಡಬೇಕಾದರೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ತಾಗಿಸಿ, ತುಟಿಗೆ ಮುಟ್ಟಿಸಿ ನೋಡಿ. ಬೆರಳಿಗಿಂತ ತುಟಿಗೆ ಬೇಗ ಗೊತ್ತಾಗುತ್ತದೆ.

ಅರ್ಧಚಂದ್ರ:
ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗೂಬೆಯವರೇ, ಡಾರ್ಕ್ ಫ್ರೇಮ್ ತೆಗೆದಿರಾ? ಮುಚ್ಚಳ ಮುಚ್ಚಿ, ಅಷ್ಟೇ ಹೊತ್ತಿನ, ಅಷ್ಟೇ ತಾಪದ, ಅಷ್ಟೇ ಗೇನ್‌ನ (ಕ್ಯಾಮೆರಾ ಸಿಗ್ನಲ್ ಹಿಗ್ಗಿಸುವ ಮಟ್ಟ) ಇಪ್ಪತ್ತು ಮೂವತ್ತು ಫ್ರೇಮ್. ಅವುಗಳ ಸರಾಸರಿಯನ್ನು ಚಿತ್ರದಿಂದ ಕಳೆದರೆ ನಿಮ್ಮ ಬಣ್ಣದ ರಾಗಿಯಲ್ಲಿ ಮುಕ್ಕಾಲು ಪಾಲು ಮಾಯ. ಸಿರಿಲ್ ಉಚಿತ ಸಾಫ್ಟ್‌ವೇರ್, ಅದರಲ್ಲೇ ಆಗುತ್ತದೆ. ದೂರದರ್ಶಕವನ್ನು ಪ್ರತಿ ಫ್ರೇಮಿಗೆ ನಾಲ್ಕೈದು ಪಿಕ್ಸೆಲ್ ಅತ್ತಿತ್ತ ಸರಿಸಿದರೆ ಉಳಿದದ್ದೂ ಹೋಗುತ್ತದೆ. ಖರ್ಚು ಸೊನ್ನೆ.

ಎರಡನೆಯದು, ಎಲ್ಲಿಂದ ತೆಗೆಯುತ್ತೀರಿ ಅನ್ನುವುದು ಮುಖ್ಯ. ಮೈಸೂರಿನ ಮಹಡಿ ಮೇಲಿಂದ ಆದರೆ ಕ್ಯಾಮೆರಾ ತಣ್ಣಗಾದರೂ ಆಕಾಶದ ಬೆಳಕೇ ಎಲ್ಲ ನುಂಗುತ್ತದೆ. ಎಲ್ಲರೂ ಭಾನುವಾರ ಸಂಜೆಯ ಅರಮನೆ ದೀಪವನ್ನು ಬೈಯುತ್ತಾರೆ. ಪಾಪ, ಅದು ಸುಮಾರು ಲಕ್ಷ ಬಲ್ಬಾದರೂ ಮುಕ್ಕಾಲು ಗಂಟೆಯಲ್ಲಿ ಆರುತ್ತದೆ. ನಮ್ಮನ್ನು ಹಾಳು ಮಾಡಿರುವುದು ರಾತ್ರಿಯಿಡೀ ಉರಿಯುವ ಬೀದಿಯ ಬಿಳಿ ಎಲ್‌ಇಡಿ.

ಕುಕ್ಕರಹಳ್ಳಿ ಗೂಬೆ:
ಡಾರ್ಕ್ ತೆಗೆದಿದ್ದೆ. ಆದರೆ ತಪ್ಪು ಮಾಡಿದ್ದೇನೆ ಅಂತ ಈಗ ಗೊತ್ತಾಯಿತು. ಫೋಟೊ ರಾತ್ರಿ ಹನ್ನೆರಡಕ್ಕೆ, ಸೆನ್ಸರ್ 36ರಲ್ಲಿ. ಡಾರ್ಕ್ ಬೆಳಗಿನ ಜಾವ ನಾಲ್ಕೂವರೆಗೆ, ಆಗ ಸೆನ್ಸರ್ 30. ಕಳೆದ ಮೇಲೆ ಅರ್ಧ ಚುಕ್ಕೆ ಹಾಗೇ ಉಳಿದವು.

ಬೆಸುಗೆ ಮಾಮ:
ಅಲ್ಲೇ ಇರುವುದು ಗುಟ್ಟು. ತಾಪ 6 ಡಿಗ್ರಿ ಏರಿದರೆ ಸೆನ್ಸರ್ ಒಳಗೆ ತಾನಾಗಿ ಹುಟ್ಟುವ ಕತ್ತಲೆ ಕರೆಂಟ್ ಹೆಚ್ಚು ಕಡಿಮೆ ಎರಡರಷ್ಟಾಗುತ್ತದೆ. ನಿಮ್ಮ ಡಾರ್ಕ್ ಅರ್ಧದಷ್ಟೇ ಇತ್ತು, ಅರ್ಧವನ್ನೇ ಕಳೆಯಿತು.

ಅರ್ಧಚಂದ್ರ ಹೇಳಿದ್ದಕ್ಕೆ ನನ್ನ ತಕರಾರು ಒಂದೇ. ಡಾರ್ಕ್ ಕಳೆದರೆ ಚುಕ್ಕೆಯ ಸರಾಸರಿ ಹೋಗುತ್ತದೆ, ಅದರ ಏರಿಳಿತ ಹೋಗುವುದಿಲ್ಲ. ಮಿಕ್ಸಿ ಸದ್ದಿನ ನಡುವೆ ರೇಡಿಯೊ ಕೇಳುವ ಹಾಗೆ, ಸದ್ದು ಎಷ್ಟು ಅಂತ ಗೊತ್ತಿದ್ದರೆ ಹಾಡು ಕೇಳುತ್ತಾ? ಮಿಕ್ಸಿಯನ್ನೇ ಆರಿಸಬೇಕು. 36ರಿಂದ 12ಕ್ಕೆ ಇಳಿಸಿದರೆ 24 ಡಿಗ್ರಿ, ನಾಲ್ಕು ಸಲ ಅರ್ಧ, ಅಂದರೆ ಹದಿನಾರನೇ ಒಂದು ಭಾಗ. ಏರಿಳಿತ ಅದರ ವರ್ಗಮೂಲ, ನಾಲ್ಕನೇ ಒಂದು ಭಾಗ. ಇದು ಕಣ್ಣಿಗೆ ಕಾಣುವ ಲಾಭ. ಮೈನಸ್ ಇಪ್ಪತ್ತಕ್ಕೆ ಹೋಗಬೇಕು ಅನ್ನುವ ಹುಚ್ಚು ಬೇಡ. ದೊಡ್ಡ ವೀಕ್ಷಣಾಲಯದವರು ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಸುರಿದು ತಮ್ಮ ಸಿಸಿಡಿ ಸೆನ್ಸರ್ ತಣ್ಣಗಿಡುತ್ತಾರೆ. ಅವರು ಒಂದೊಂದು ಗಂಟೆ ಎಕ್ಸ್‌ಪೋಶರ್ ಕೊಡುತ್ತಾರೆ, ನಾವು ಒಂದು ನಿಮಿಷ.

ನಾಲೆ ಏರಿ:
ನಾನು ಮಂಡ್ಯದವನು, ಮನೆ ವಿಶ್ವೇಶ್ವರಯ್ಯ ನಾಲೆಯ ಪಕ್ಕ, ಸುತ್ತಾ ಗದ್ದೆ, ಕಬ್ಬು. ನೀವೆಲ್ಲ ಬಿಸಿಯ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮಲ್ಲಿ ಮೊದಲ ಶತ್ರು ನೀರು ಸ್ವಾಮಿ.

ಡಿಸೆಂಬರಿನಲ್ಲಿ ಪೆಲ್ಟಿಯರ್ ಹಾಕಿ ಓರಾಯನ್ ನೀಹಾರಿಕೆ ತೆಗೆಯಲು ಕೂತೆ. ಹತ್ತು ನಿಮಿಷ ಚೆನ್ನಾಗಿ ಬಂತು. ಆಮೇಲೆ ಪ್ರತಿ ನಕ್ಷತ್ರದ ಸುತ್ತ ಮೆತ್ತಗೆ ಒಂದು ಪ್ರಭಾವಳಿ. ಮೋಡ ಬಂತೇನೋ ಅಂತ ತಲೆ ಎತ್ತಿದರೆ ಆಕಾಶ ತೊಳೆದ ಹಾಗಿದೆ. ಆಲೆಮನೆ ಹೊಗೆ ಈ ಕಡೆ ತಿರುಗಿತೇನೋ ಅಂದುಕೊಂಡೆ, ನಮ್ಮೂರಲ್ಲಿ ಅದೂ ಒಂದು ಗ್ರಹಚಾರ. ಕೊನೆಗೆ ಕ್ಯಾಮೆರಾ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಸೆನ್ಸರ್ ಮೇಲಿನ ಗಾಜಿನ ಮೇಲೆ ಸಣ್ಣ ಸಣ್ಣ ಹನಿ, ತಣ್ಣನೆ ಸ್ಟೀಲ್ ಲೋಟದ ಮೈ ಬೆವರಿದ ಹಾಗೆ. ಒಂದು ಹನಿ ಜಾರಿ ಬೋರ್ಡಿಗೆ ಇಳಿದಿತ್ತು. ಕ್ಯಾಮೆರಾ ಉಳಿಯಿತು, ನನ್ನ ಪುಣ್ಯ.

ಒಂದು ಸುಲಭದ ಲೆಕ್ಕ ಇಟ್ಟುಕೊಳ್ಳಿ. ನೂರರಲ್ಲಿ ಗಾಳಿಯ ತೇವಾಂಶ ಕಳೆಯಿರಿ, ಬಂದದ್ದನ್ನು ಐದರಿಂದ ಭಾಗಿಸಿ, ಅದನ್ನು ಗಾಳಿಯ ತಾಪದಿಂದ ಕಳೆಯಿರಿ. ಅದಕ್ಕಿಂತ ತಣ್ಣಗಿರುವ ಎಲ್ಲದರ ಮೇಲೂ ಇಬ್ಬನಿ ಕೂರುತ್ತದೆ. ತೇವಾಂಶ 50ಕ್ಕಿಂತ ಜಾಸ್ತಿ ಇದ್ದರೆ ಈ ಲೆಕ್ಕ ಸಾಕಷ್ಟು ಸರಿ ಬರುತ್ತದೆ. ನಿಮ್ಮ ಏಪ್ರಿಲ್ ರಾತ್ರಿ 24 ಡಿಗ್ರಿ, 65 ತೇವಾಂಶ ಅಂದುಕೊಳ್ಳಿ: 35 ಭಾಗಿಸು 5 ಅಂದರೆ 7, 24ರಲ್ಲಿ 7 ಹೋದರೆ 17. ನೀವು ಸೆನ್ಸರ್ 12ಕ್ಕೆ ಇಳಿಸುತ್ತೀರಿ. ಮುಗಿಯಿತು ಕಥೆ. ನಮ್ಮ ಗದ್ದೆ ಪಕ್ಕ 22 ಡಿಗ್ರಿ, 90 ತೇವಾಂಶ ಇದ್ದರೆ ಇಬ್ಬನಿ 20ರಲ್ಲೇ ಶುರು.

ಕುಕ್ಕರಹಳ್ಳಿ ಗೂಬೆ:
ಅಯ್ಯೋ, ಹೆದರಿಸಿಬಿಟ್ಟಿರಿ. ಹಾಗಾದರೆ ಗಾಳಿಯಾಡದ ಡಬ್ಬಿಯಲ್ಲಿ ಕ್ಯಾಮೆರಾ ಕೂರಿಸಿ, ಡಬ್ಬಿಯನ್ನೇ ತಣ್ಣಗೆ ಮಾಡಿದರೆ? ಮನೆಯಲ್ಲಿ ಹಳೆಯ ಸ್ಟೀಲ್ ಟಿಫಿನ್ ಡಬ್ಬಿ ಇದೆ, ಕ್ಲಿಪ್ ಇರುವಂಥದ್ದು.

ಬೆಸುಗೆ ಮಾಮ:
ಡಬ್ಬಿ ಸರಿ, ಸ್ಟೀಲ್ ಬೇಡ. ಸ್ಟೇನ್‌ಲೆಸ್ ಸ್ಟೀಲ್ ಶಾಖ ದಾಟಿಸುವುದರಲ್ಲಿ ಮಹಾ ಸೋಮಾರಿ. ಲೆಕ್ಕದಲ್ಲಿ ಅದರದ್ದು ಸುಮಾರು 16, ಅಲ್ಯೂಮಿನಿಯಂ 200ರ ಮೇಲೆ, ತಾಮ್ರ 400ರ ಹತ್ತಿರ. ಹಳೆ ಕಾಲದ ಅಲ್ಯೂಮಿನಿಯಂ ಡಬ್ಬಿ ಹುಡುಕಿ.

ಕುಕ್ಕರಹಳ್ಳಿ ಗೂಬೆ:
ಐದು ದಿನ ಆಯಿತು, ವರದಿ ಒಪ್ಪಿಸುತ್ತೇನೆ. ಮಾಮ ಹೇಳಿದ್ದನ್ನು ಕೇಳದೆ ಮೊದಲು ಸ್ಟೀಲ್ ಡಬ್ಬಿಯಲ್ಲೇ ಮಾಡಿದೆ. ಪೆಲ್ಟಿಯರ್ ಅಂಟಿಸಿದ ಜಾಗದಲ್ಲಿ ಡಬ್ಬಿಯ ತಳ ಮುಟ್ಟಿದರೆ ಐಸ್, ಎರಡು ಇಂಚು ಆಚೆ ಬೆಚ್ಚಗೆ. ಸೆನ್ಸರ್ 36ರಿಂದ 33ಕ್ಕೆ ಇಳಿಯಿತು. ನಗಬೇಡಿ.

ಆಮೇಲೆ ಸಂತೆಪೇಟೆಯಲ್ಲಿ ಒಂದು ಪಾತ್ರೆ ಅಂಗಡಿಯಲ್ಲಿ ಅಲ್ಯೂಮಿನಿಯಂ ಡಬ್ಬಿ ಸಿಕ್ಕಿತು. ಗುಜರಿಯಿಂದ ಹಳೆ ಕಂಪ್ಯೂಟರಿನ ಹೀಟ್ ಸಿಂಕ್ ಮತ್ತು ಫ್ಯಾನ್, 150 ರೂಪಾಯಿ. ಪೆಲ್ಟಿಯರ್ ಆನ್‌ಲೈನ್‌ನಲ್ಲಿ 200ರ ಒಳಗೆ ಬಂತು. ಮೊದಲು ಬಂದದ್ದು ಸತ್ತ ಬಿಲ್ಲೆ, ಸೆಲ್ ತಾಗಿಸಿದರೂ ಉಸಿರಿಲ್ಲ, ಮಾರಿದವರು ವಾಪಸ್ ತಗೊಳ್ಳಲು ಎಳೆದಾಡಿಸಿದರು. ಹಾಗಾಗಿ ಮಾಮನ ಸೆಲ್ ಪರೀಕ್ಷೆಗೆ ನನ್ನ ಸಾಷ್ಟಾಂಗ.

ಕ್ಯಾಮೆರಾದ ಹಿಂಬದಿ ಲೋಹದ ಮೈ ಮತ್ತು ಡಬ್ಬಿಯ ತಳದ ನಡುವೆ 3 ಮಿಮೀ ಅಲ್ಯೂಮಿನಿಯಂ ತುಂಡು, ಎರಡೂ ಕಡೆ ಥರ್ಮಲ್ ಪೇಸ್ಟ್. ಸುತ್ತಾ ಥರ್ಮಾಕೋಲ್. ಈಗ ಸೆನ್ಸರ್ 21. ಖುಷಿ ಆಯಿತು. ಆದರೆ ಹೊಸ ಎರಡು ತಲೆನೋವು. ಒಂದು, ಹೀಟ್ ಸಿಂಕ್ ಭಾರಕ್ಕೆ ಫೋಕಸರ್ (ಕ್ಯಾಮೆರಾ ಸಿಕ್ಕಿಸಿ ಫೋಕಸ್ ಹೊಂದಿಸುವ ಭಾಗ) ಜೋತು ಬೀಳುತ್ತಿದೆ. ಎರಡು, ಫ್ಯಾನ್ ತಿರುಗಿದರೆ ನಕ್ಷತ್ರಗಳು ಕಡಲೆಬೀಜದ ಹಾಗೆ ಉದ್ದ.

ಬೆಸುಗೆ ಮಾಮ:
ಫ್ಯಾನಿಗೆ 12ರ ಬದಲು 7 ವೋಲ್ಟ್ ಕೊಡಿ, ಸೈಕಲ್ ಟ್ಯೂಬಿನ ತುಂಡು ವಾಷರ್ ಥರ ಹಾಕಿ. ಇನ್ನೊಂದು ಕೇಳುತ್ತೇನೆ, ಪೆಲ್ಟಿಯರನ್ನು ಬಿಗಿದ ಸ್ಕ್ರೂ ಯಾವುದು? ಕಬ್ಬಿಣದ್ದಾ?

ಕುಕ್ಕರಹಳ್ಳಿ ಗೂಬೆ:
ಹೌದು.

ಬೆಸುಗೆ ಮಾಮ:
ತೆಗೆದು ನೈಲಾನ್ ಸ್ಕ್ರೂ ಹಾಕಿ. ಬಿಸಿ ಕಡೆಯಿಂದ ತಣ್ಣನೆ ಕಡೆಗೆ ಆ ನಾಲ್ಕು ಸ್ಕ್ರೂಗಳೇ ಸೇತುವೆ ಕಟ್ಟಿ ಕೊಡುತ್ತಿವೆ. ಮುಂಬಾಗಿಲಿಂದ ಹೊರಗೆ ಹಾಕಿದ್ದು ಹಿತ್ತಿಲಿಂದ ಒಳಗೆ ಬರುತ್ತಿದೆ. ಬಿಗಿಯುವಾಗ ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಒಂದೇ ಮೂಲೆ ಬಿಗಿದರೆ ಬಿಲ್ಲೆ ಹಪ್ಪಳ.

ಹೊಸಬಿ:
ಮೆಕ್ಯಾನಿಕಲ್ ಎರಡನೇ ವರ್ಷ ಓದುತ್ತಿದ್ದೇನೆ, ದೂರದರ್ಶಕ ಇಲ್ಲ, ಆಸೆ ಇದೆ. ಒಂದು ಪ್ರಶ್ನೆ. ಹೀಟ್ ಸಿಂಕ್ ಭಾರ, ಫ್ಯಾನ್ ನಡುಕ, ಎರಡೂ ಕ್ಯಾಮೆರಾ ಮೇಲೆ ಇರುವುದೇ ತಾನೇ ತೊಂದರೆ? ಬಿಸಿ ಮುಖಕ್ಕೆ ಒಂದು ಸಣ್ಣ ಅಲ್ಯೂಮಿನಿಯಂ ವಾಟರ್ ಬ್ಲಾಕ್ (ಒಳಗೆ ನೀರು ಹರಿಯುವ ತುಂಡು) ಕೂರಿಸಿ, ಮೀನಿನ ತೊಟ್ಟಿಯ ಪಂಪಿನಿಂದ ನೀರು ಓಡಿಸಿದರೆ? 40 ಮಿಮೀ ಬ್ಲಾಕ್ ಸಿಗುತ್ತದೆ, ಹಗುರ. ನೀರು ಮಾತ್ರ ಬಕೆಟ್ಟಿನಲ್ಲಲ್ಲ, ಮಣ್ಣಿನ ಮಡಕೆಯಲ್ಲಿ. ಅಜ್ಜಿ ಮನೆಯ ಮಡಕೆ ನೀರು ಬೇಸಿಗೆಯಲ್ಲಿ ಎಷ್ಟು ತಣ್ಣಗಿರುತ್ತದೆ ಅಲ್ವಾ.

ಅರ್ಧಚಂದ್ರ:
ಮಡಕೆ! ಇದು ನನಗೆ ಹೊಳೆಯಲೇ ಇಲ್ಲ. ಲೆಕ್ಕ ಹಾಕೋಣ ಇರಿ.

6 ವೋಲ್ಟಿನಲ್ಲಿ ಪೆಲ್ಟಿಯರ್ 18 ವ್ಯಾಟ್, ಕ್ಯಾಮೆರಾ ಮತ್ತು ಡಬ್ಬಿಯಿಂದ ಎತ್ತುವುದು ಏಳು ಅಂದುಕೊಳ್ಳಿ, ಒಟ್ಟು 25 ವ್ಯಾಟ್. ಗಂಟೆಗೆ 90 ಕಿಲೋಜೌಲ್. ಮಡಕೆಯಲ್ಲಿ 8 ಲೀಟರ್ ನೀರಿದ್ದರೆ ಒಂದು ಡಿಗ್ರಿ ಏರಿಸಲು ಸುಮಾರು 33 ಕಿಲೋಜೌಲ್ ಬೇಕು. ಅಂದರೆ ಬರೀ ಬಕೆಟ್ ಆದರೂ ಗಂಟೆಗೆ 2.7 ಡಿಗ್ರಿ ಮಾತ್ರ ಏರುತ್ತದೆ. ಇನ್ನು ಮಡಕೆಯ ಮೈಯಿಂದ ಆರುವ ಒಂದು ಲೀಟರ್ ನೀರು ಸುಮಾರು 2400 ಕಿಲೋಜೌಲ್ ಹೊತ್ತೊಯ್ಯುತ್ತದೆ. ನಮ್ಮ 90 ಕಿಲೋಜೌಲಿಗೆ ಗಂಟೆಗೆ 37 ಮಿಲಿ ಜಾಸ್ತಿ ಆರಿದರೆ ಸಾಕು. ಅರ್ಧ ಲೋಟವೂ ಅಲ್ಲ. ಒಂದೇ ಮಿತಿ, ಮಳೆಗಾಲದಲ್ಲಿ ಗಾಳಿಯೇ ಒದ್ದೆ ಇರುವಾಗ ಮಡಕೆ ಸುಮ್ಮನೆ ಕೂರುತ್ತದೆ. ಆದರೆ ಮಳೆಗಾಲದಲ್ಲಿ ನಾವೂ ಸುಮ್ಮನೇ ಕೂರುತ್ತೇವೆ.

ಹೊಸಬಿ, ದೂರದರ್ಶಕ ಇಲ್ಲ ಅಂತ ಬೇಜಾರು ಬೇಡ. ಮುಂದಿನ ಅಮಾವಾಸ್ಯೆಗೆ ನಮ್ಮ ಜೊತೆ ಬನ್ನಿ.

ನಾಲೆ ಏರಿ:
ಮಡಕೆಗೆ ನಮ್ಮ ಬೋರ್‌ವೆಲ್ ನೀರು ಹಾಕಬೇಡಿ. ಉಪ್ಪು ಕಟ್ಟಿ ತಿಂಗಳಲ್ಲಿ ಮಡಕೆಯ ಸಣ್ಣ ತೂತೆಲ್ಲ ಮುಚ್ಚುತ್ತವೆ, ವಾಟರ್ ಬ್ಲಾಕಿನಲ್ಲೂ ಗಸಿ ಕೂರುತ್ತದೆ. ಕಾವೇರಿ ನೀರು ಹಾಕಿ. ಹೊರ ಮೈಯನ್ನು ಆಗಾಗ ತೆಂಗಿನ ನಾರಿನಿಂದ ಉಜ್ಜಿ. ಒದ್ದೆ ಗೋಣಿಚೀಲ ಸುತ್ತಿ, ಮರಳಿನ ಮೇಲೆ ಇಡಿ.

ಕುಕ್ಕರಹಳ್ಳಿ ಗೂಬೆ:
ಹೊಸಬಿಗೆ ಜೈ. ನಿನ್ನೆ ರಾತ್ರಿ ಮೇಲುಕೋಟೆ ಕಡೆಯ ಅದೇ ತೋಟ. ಗಾಳಿ 25, ಮಡಕೆ ನೀರು 20.5. ಸೆನ್ಸರ್ ಇಪ್ಪತ್ತು ನಿಮಿಷದಲ್ಲಿ 12ಕ್ಕೆ ಇಳಿದು ಅಲ್ಲೇ ಕೂತಿತು. ಫ್ಯಾನ್ ಇಲ್ಲ, ನಡುಕ ಇಲ್ಲ. ಕತ್ತಲಲ್ಲಿ ಮಡಕೆಯೊಳಗೆ ನೀರು ಬೀಳುವ ಗುಳುಗುಳು ಸದ್ದು ಮಾತ್ರ. ತೋಟದ ನಾಯಿ ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತಿತ್ತು.

ಆಮೇಲೆ ಒಂದು ಗಂಟೆ ಹದಿನೈದಕ್ಕೆ ಸಾಫ್ಟ್‌ವೇರ್‌ನಲ್ಲಿ ತಾಪ 19 ಆಯಿತು. ಆಮೇಲೆ 28. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದೆ. ನೋಡನೋಡುತ್ತಾ 41! ಓಡಿಹೋಗಿ ಪ್ಲಗ್ ಕಿತ್ತೆ. ಆಗಿದ್ದು ಇಷ್ಟು: ದೂರದರ್ಶಕ ಪಶ್ಚಿಮಕ್ಕೆ ತಿರುಗುತ್ತಾ ತಿರುಗುತ್ತಾ ನೀರಿನ ಕೊಳವೆಯನ್ನು ಎಳೆದು ಟ್ರೈಪಾಡ್ ಕಾಲಿಗೆ ಸಿಕ್ಕಿಸಿ ಮಡಿಸಿಬಿಟ್ಟಿದೆ. ನೀರು ನಿಂತಿತು, ಪೆಲ್ಟಿಯರ್ ನಿಲ್ಲಲಿಲ್ಲ. ಬಿಸಿಯೆಲ್ಲ ಹಿಂದಕ್ಕೆ, ಕ್ಯಾಮೆರಾ ಕಡೆಗೆ. ಕೈ ಈಗಲೂ ನಡುಗುತ್ತಿದೆ.

ಬೆಸುಗೆ ಮಾಮ:
ನನ್ನ ಎರಡರಲ್ಲಿ ಒಂದು ಸುಟ್ಟದ್ದು ಹೀಗೇ. ಕೆಎಸ್‌ಡಿ301 ಅನ್ನುವ ಪುಟ್ಟ ಥರ್ಮಲ್ ಸ್ವಿಚ್ ಸಿಗುತ್ತದೆ, ಕೆಲವು ಹತ್ತು ರೂಪಾಯಿ. ಸಾಮಾನ್ಯವಾಗಿ ಮುಚ್ಚಿರುವ ಬಗೆಯದನ್ನು, 45 ಅಥವಾ 50 ಡಿಗ್ರಿಯದನ್ನು ತಗೊಳ್ಳಿ. ವಾಟರ್ ಬ್ಲಾಕಿಗೆ ಒತ್ತಿ ಕೂರಿಸಿ, ಪೆಲ್ಟಿಯರ್ ವೈರಿನ ನಡುವೆ ಸೀರೀಸ್ ಆಗಿ ಹಾಕಿ. ಬ್ಲಾಕ್ ಬಿಸಿಯಾದರೆ ತಾನೇ ಕರೆಂಟ್ ಕಡಿಯುತ್ತದೆ. ಇದಿಲ್ಲದೆ ಇನ್ನೊಂದು ರಾತ್ರಿ ನಡೆಸಬೇಡಿ.

ಕೊಳವೆಗೆ ಸಿಲಿಕೋನ್ ಟ್ಯೂಬ್ ಬೇಡ, ಮೆತ್ತಗೆ ಮಡಿಯುತ್ತದೆ. ಸ್ವಲ್ಪ ಗಟ್ಟಿ ಪಿವಿಸಿ ಟ್ಯೂಬ್ ಹಾಕಿ, ದೊಡ್ಡ ಬಳೆಯ ಹಾಗೆ ಸುತ್ತು ಬಿಡಿ.

ಹೊಸಬಿ:
ತಾಪ ಹಿಡಿದಿಡಲು ಆರ್ಡುಯಿನೊ (ಪುಟ್ಟ ಕಂಟ್ರೋಲರ್ ಬೋರ್ಡ್) ಹಾಕಬಹುದಲ್ಲ? ತಾಪ ಅಳೆಯುವ ಡಿಎಸ್18ಬಿ20 ಸೆನ್ಸರ್ ನನ್ನ ಹತ್ತಿರ ಇದೆ, ಒಂದು ಮಾಸ್ಫೆಟ್ (ಸ್ವಿಚ್ ಥರದ ಟ್ರಾನ್ಸಿಸ್ಟರ್) ಇದ್ದರೆ ಪಿಡಬ್ಲ್ಯೂಎಂ (ಕರೆಂಟನ್ನು ವೇಗವಾಗಿ ಆನ್ ಆಫ್ ಮಾಡಿ ಹದಕ್ಕೆ ತರುವುದು) ಮಾಡಿ ಕೊಡುತ್ತೇನೆ.

ಬೆಸುಗೆ ಮಾಮ:
ಕಲಿಯಲು ಮಾಡಿ, ತುಂಬಾ ಒಳ್ಳೆಯದು. ಆದರೆ ನೇರ ಪಿಡಬ್ಲ್ಯೂಎಂ ಕೊಟ್ಟರೆ ಪೆಲ್ಟಿಯರಿಗೆ ಸೆಕೆಂಡಿಗೆ 490 ಸಲ ಪೂರ್ತಿ ಕರೆಂಟ್ ಬಂದು ಹೋಗುತ್ತದೆ, ಆರ್ಡುಯಿನೊದ ಹೆಚ್ಚಿನ ಪಿನ್ನುಗಳ ವೇಗ ಅದೇ. ಆ ವೈರು ಕ್ಯಾಮೆರಾದ ಯುಎಸ್‌ಬಿ ಕೇಬಲ್ ಪಕ್ಕ ಹೋದರೆ ಚಿತ್ರದಲ್ಲಿ ಸೀರೆ ಅಂಚಿನ ಥರ ಅಡ್ಡ ಪಟ್ಟಿ. ಇಂಡಕ್ಟರ್, ಕೆಪಾಸಿಟರ್ ಹಾಕಿ ಸೋಸಬೇಕು. ಜನ ಸುಲಭಕ್ಕೆ ತರುವ ಆ ರಿಲೇ ಥರ್ಮೋಸ್ಟಾಟ್ ಇನ್ನೂ ಕೆಟ್ಟದ್ದು, ಟಕ್ ಟಕ್ ಅಂತ ಆನ್ ಆಫ್ ಮಾಡಿ ಬಿಲ್ಲೆಯ ಆಯಸ್ಸು ತಿನ್ನುತ್ತದೆ, ತಾಪವೂ ಉಯ್ಯಾಲೆ.

ನನ್ನ ಅಭಿಪ್ರಾಯ ಕೇಳಿದರೆ ಎಕ್ಸ್‌ಎಲ್4015 ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಬೋರ್ಡ್) ಒಂದು, ಸ್ಕ್ರೂ ಡ್ರೈವರ್ ಒಂದು. 12 ವೋಲ್ಟ್ ಬ್ಯಾಟರಿಯಿಂದ 6 ಮಾಡಿಕೊಳ್ಳಿ. ರಾತ್ರಿ ತಣ್ಣಗಾಗುತ್ತಾ ಹೋದ ಹಾಗೆ ಗಂಟೆಗೊಮ್ಮೆ ಕಾಲು ವೋಲ್ಟ್ ಇಳಿಸಿ. ನೀವೇ ಥರ್ಮೋಸ್ಟಾಟ್.

ಅರ್ಧಚಂದ್ರ:
ಬ್ಯಾಟರಿ ಬಗ್ಗೆ ಒಂದು ಮಾತು. ಯುಪಿಎಸ್ ಒಳಗಿನ 12 ವೋಲ್ಟ್ 7 ಆಂಪಿಯರ್ ಗಂಟೆಯ ಬ್ಯಾಟರಿ ತಂದು ಬೆಳಗಿನವರೆಗೆ ಬರುತ್ತೆ ಅಂದುಕೊಳ್ಳಬೇಡಿ. ಲೆಕ್ಕದಲ್ಲಿ 84 ವ್ಯಾಟ್ ಗಂಟೆ, ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಪೆಲ್ಟಿಯರ್, ಪಂಪ್, ಕನ್ವರ್ಟರ್ ನಷ್ಟ ಎಲ್ಲ ಸೇರಿ 25 ವ್ಯಾಟ್ ಅಂದರೆ ಒಂದೂವರೆ ಗಂಟೆ ಚಿಲ್ಲರೆ. ಹಳೆ ಕಾರ್ ಬ್ಯಾಟರಿ ತನ್ನಿ.

ನಾಲೆ ಏರಿ:
ಎಲ್ಲ ಸರಿ, ಇಬ್ಬನಿ ಏನಾಯಿತು ಅಂತ ಗೂಬೆ ಹೇಳಲೇ ಇಲ್ಲ.

ಕುಕ್ಕರಹಳ್ಳಿ ಗೂಬೆ:
ಆಯಿತು, ಆಗದೆ ಇರುತ್ತದಾ. ಮೂವತ್ತನೇ ಫ್ರೇಮಿನಿಂದ ಪ್ರಭಾವಳಿ ಶುರು. ಡಬ್ಬಿ ಗಾಳಿಯಾಡದ ಹಾಗಿದೆ ಅಂದುಕೊಂಡಿದ್ದೆ, ಯುಎಸ್‌ಬಿ ಕೇಬಲ್ ಬರುವ ತೂತಿಗೆ ಬರೀ ಟೇಪ್ ಸುತ್ತಿದ್ದೆ.

ನಾಲೆ ಏರಿ:
ನಾನು ಮಾಡಿಕೊಂಡಿರುವುದನ್ನು ಹೇಳುತ್ತೇನೆ. ತೂತಿಗೆ ಸಿಲಿಕೋನ್ ತುಂಬಿ, ಆದರೆ ಮೂಗಿಗೆ ವಿನೆಗರ್ ವಾಸನೆ ಹೊಡೆಯುವ ಸಿಲಿಕೋನ್ ಬೇಡವೇ ಬೇಡ. ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಬೋರ್ಡಿನ ತಾಮ್ರ ಹಸಿರಾಗುತ್ತದೆ. ನ್ಯೂಟ್ರಲ್ ಅಂತ ಬರೆದಿರುವುದನ್ನು ಕೇಳಿ ತಗೊಳ್ಳಿ.

ಒಳಗೆ ಸಿಲಿಕಾ ಜೆಲ್. ಶೂ ಡಬ್ಬಿಯಲ್ಲಿ ಬರುವ ಪೊಟ್ಟಣ ಹಾಗೇ ಹಾಕಬೇಡಿ, ಅದು ಅಷ್ಟರಲ್ಲಿ ಕುಡಿದು ಹೊಟ್ಟೆ ತುಂಬಿಸಿಕೊಂಡಿರುತ್ತದೆ. ಬಣ್ಣ ಬದಲಾಗುವ ಬಗೆಯದು ತನ್ನಿ. ಕಿತ್ತಳೆ ಇದ್ದದ್ದು ಹಸಿರಾದರೆ ಒದ್ದೆ ಅಂತ ಅರ್ಥ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, 120 ಡಿಗ್ರಿ ಸುಮಾರಿಗೆ, ಬಣ್ಣ ವಾಪಸ್ ಬರುವವರೆಗೆ ಹುರಿಯಿರಿ. ಅಡುಗೆಯ ಬಾಣಲೆ ಅಲ್ಲ, ಬೇರೆ ಒಂದು ಇಟ್ಟುಕೊಳ್ಳಿ. ಡಬ್ಬಿ ಮುಚ್ಚುವುದು ರಾತ್ರಿ ಗದ್ದೆಯ ಪಕ್ಕ ಅಲ್ಲ, ಮಧ್ಯಾಹ್ನ ಬಿಸಿಲು ಚೆನ್ನಾಗಿರುವಾಗ ಮನೆಯೊಳಗೆ. ಒಣ ಗಾಳಿಯನ್ನೇ ಒಳಗೆ ಕೂಡಿಹಾಕಿದ ಹಾಗೆ. ಜೆಲ್ ಹಾಕಿ ಆರೇಳು ಗಂಟೆ ಬಿಟ್ಟು ಆಮೇಲೆ ತಣ್ಣಗೆ ಮಾಡಿ.

ಇನ್ನು ಡಬ್ಬಿಯ ಮುಂದಿನ ಗಾಜು. ಒಳಗೆ ತಂಪು, ಹೊರಗೆ ಒದ್ದೆ ಗಾಳಿ, ಗಾಜಿನ ಹೊರ ಮೈ ಬೆವರುತ್ತದೆ. 470 ಓಮ್‌ನ ಅರ್ಧ ವ್ಯಾಟ್ ರೆಸಿಸ್ಟರ್ ಎಂಟು, ಗಾಜಿನ ಸುತ್ತ ಮಾಲೆಯ ಹಾಗೆ, ಎಲ್ಲ ಪ್ಯಾರಲಲ್, 12 ವೋಲ್ಟ್. ಒಟ್ಟು ಎರಡೂವರೆ ವ್ಯಾಟ್ ಶಾಖ. ಕಾಲು ವ್ಯಾಟಿನ ರೆಸಿಸ್ಟರ್ ಹಾಕಿದರೆ ಸೀಯುತ್ತವೆ, ಒಂದೊಂದರ ಪಾಲಿಗೆ 0.3 ವ್ಯಾಟ್ ಬರುತ್ತದೆ.

ಹೊಸಬಿ:
ತಣ್ಣಗೆ ಮಾಡುವ ಡಬ್ಬಿಗೆ ಬಿಸಿ ಮಾಡುವ ಮಾಲೆ. ಚೆನ್ನಾಗಿದೆ.

ಕುಕ್ಕರಹಳ್ಳಿ ಗೂಬೆ:
ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ನೈಲಾನ್ ಸ್ಕ್ರೂ, ಥರ್ಮಲ್ ಸ್ವಿಚ್, ನ್ಯೂಟ್ರಲ್ ಸಿಲಿಕೋನ್, ಹುರಿದ ಜೆಲ್, ರೆಸಿಸ್ಟರ್ ಮಾಲೆ, ಎಲ್ಲ ಹಾಕಿದೆ. ಇಲ್ಲಿಯವರೆಗೆ 2,340 ರೂಪಾಯಿ, ಮಡಕೆ ಸೇರಿ. ಬ್ಯಾಟರಿ ಗೆಳೆಯನ ಕಾರಿನದು, ಅದಕ್ಕೆ ಲೆಕ್ಕ ಇಲ್ಲ.

ನಿನ್ನೆ ರಾತ್ರಿ ಹನ್ನೊಂದೂವರೆಯಿಂದ ಎರಡರವರೆಗೆ ಒಂದೊಂದು ನಿಮಿಷದ 120 ಫ್ರೇಮ್. ಸೆನ್ಸರ್ 11ರಿಂದ 12ರ ನಡುವೆಯೇ ಇತ್ತು. ಕೊನೆಗೆ ಅದೇ ತಾಪದಲ್ಲಿ ಮೂವತ್ತು ಡಾರ್ಕ್. ಆರಿಸುವಾಗ ವೋಲ್ಟೇಜ್ ನಿಧಾನವಾಗಿ ಇಳಿಸಿದೆ, ಪಂಪನ್ನು ಕೊನೆಗೆ ನಿಲ್ಲಿಸಿದೆ. ಸೇರಿಸಿ ನೋಡಿದರೆ ಕಪ್ಪು ಪಟ್ಟಿ ಗೆಲಾಕ್ಸಿಯನ್ನು ಅಡ್ಡ ಸೀಳಿದೆ, ಅದರ ಒಂದು ತುದಿ ಕವಲೊಡೆದದ್ದೂ ಕಾಣುತ್ತದೆ. ಸುಮಾರು 1.2 ಕೋಟಿ ಬೆಳಕಿನ ವರ್ಷ ದೂರದ್ದು, ಟಿಫಿನ್ ಡಬ್ಬಿಯಲ್ಲಿ ಸಿಕ್ಕಿತು. ಬಲ ಮೂಲೆಯಲ್ಲಿ ಸ್ವಲ್ಪ ಹೊಳಪು ಇನ್ನೂ ಇದೆ.

ಅರ್ಧಚಂದ್ರ:
ಆ ಮೂಲೆಯ ಹೊಳಪು ಸೆನ್ಸರಿನ ಒಳಗಿನ ಸರ್ಕ್ಯೂಟಿನದು. ತಂಪಿಗೆ ಪೂರ್ತಿ ಬಗ್ಗುವುದಿಲ್ಲ, ಡಾರ್ಕ್ ಫ್ರೇಮೇ ಗತಿ. ಮೂವತ್ತರ ಬದಲು ಐವತ್ತು ತೆಗೆಯಿರಿ. ಚಿತ್ರ ಚೆನ್ನಾಗಿದೆ, ನನ್ನ ತಣ್ಣೀರು ವಾಪಸ್ ತಗೊಂಡೆ.

ಬೆಸುಗೆ ಮಾಮ:
ಮಡಕೆ ಹೇಗಿದೆ?

ಕುಕ್ಕರಹಳ್ಳಿ ಗೂಬೆ:
ವಾಪಸ್ ಬರುವಾಗ ಪಾಂಡವಪುರದ ಹತ್ತಿರ ರೋಡ್ ಹಂಪಿನಲ್ಲಿ ಒಡೆಯಿತು. ಕಾರಿನ ಡಿಕ್ಕಿ ತುಂಬಾ ನೀರು. ನಾಳೆ ಇನ್ನೊಂದು ತರಬೇಕು, ಈ ಸಲ ನಲ್ಲಿ ಇರುವಂಥದ್ದು ನೋಡುತ್ತೇನೆ, ಹೊರಡುವ ಮುಂಚೆ ಖಾಲಿ ಮಾಡಬಹುದು.